ಮನಸ್ಸಿನ ಪಾಠಕ್ಕೆ ಬೆಟ್ಟ ಇಳಿಯಬೇಕೆ?

ಮೈಸೂರಿನಿಂದ ಮಸಿನಗುಡಿಗೆ ನಾವು ವರ್ಷಕ್ಕೆ ಎರಡು ಸಲವಾದರೂ ಹೋಗಿಬರುವುದುಂಟು. ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕು, ತೆಪ್ಪಕಾಡಿನಲ್ಲಿ ಗೂಡಲೂರಿನ ರಸ್ತೆ ಬಿಟ್ಟು ಎಡಕ್ಕೆ ತಿರುಗಿದರೆ ನಮ್ಮ ಅಣ್ಣನ ಊರು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ದಾರಿ ಮುಚ್ಚಿರುವುದರಿಂದ ಹೊರಡುವಾಗಲೇ ಗಡಿಯಾರ ನೋಡಿಕೊಳ್ಳಬೇಕು. ಅಣ್ಣನದು ದಿನಸಿ ಅಂಗಡಿ. ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಕನ್ನಡ, ತಮಿಳು, ಬಡಗ, ಮಲಯಾಳಂ, ಇರುಳರ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ.

2025ರ ಆಗಸ್ಟಿನಲ್ಲಿ ನಾವು ಅಲ್ಲಿಗೆ ಹೋದಾಗ ಮನೆಯಲ್ಲಿ ಸ್ವಲ್ಪ ಬಿಗುವಿನ ವಾತಾವರಣವಿತ್ತು. ಅಣ್ಣನ ಮಗಳಿಗೆ ಇಪ್ಪತ್ತೊಂದು ವರ್ಷ. ಹನ್ನೆರಡನೆಯ ತರಗತಿ ಮುಗಿಸಿ ಮೂರು ವರ್ಷದಿಂದ ಅಂಗಡಿಯ ಲೆಕ್ಕ ಬರೆಯುತ್ತಿದ್ದಳು. ಒಳ್ಳೆಯ ಕಡೆ ಸಂಬಂಧ ಬಂದಿದೆ ಎಂದು ಹಿರಿಯರು ಹೇಳುತ್ತಿದ್ದರು. ಅವಳು, "ನಾನು ಮನಃಶಾಸ್ತ್ರ ಓದಬೇಕು" ಎಂದು ಹಟ ಹಿಡಿದು ಕುಳಿತಿದ್ದಳು.

"ಅದೇನು ಹುಚ್ಚರ ಆಸ್ಪತ್ರೆಯ ಓದೇ?" ಎಂದು ನಮ್ಮ ತಾಯಿಯವರು ಕೇಳಿದರು. ಎಂಬತ್ತರ ವಯಸ್ಸಿನ ಅವರ ಪ್ರಶ್ನೆಗೆ ನಾವು ನಗಲಿಲ್ಲ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೇ ಪ್ರಶ್ನೆ ಬರುತ್ತದೆ. ಮಗ ಲೆಕ್ಕಶಾಸ್ತ್ರ ಓದುತ್ತೇನೆಂದರೆ ಸಂತೋಷ, ಮಗಳು ಗಣಕಯಂತ್ರ ಓದುತ್ತೇನೆಂದರೆ ಅದೂ ಸಂತೋಷವೇ. ಮನಸ್ಸನ್ನು ಓದುತ್ತೇನೆಂದರೆ ಮಾತ್ರ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆ ಹುಡುಗಿ ಹಟ ಹಿಡಿದಿದ್ದಕ್ಕೆ ಕಾರಣವಿತ್ತು. ಕಾರಣ ಗೊತ್ತಿದ್ದೂ ಇಪ್ಪತ್ತೊಂದು ವರ್ಷ ಸುಮ್ಮನಿದ್ದವರು ನಾವು. ಆದ್ದರಿಂದ ಅದನ್ನು ಮೊದಲು ಹೇಳಿಬಿಡುವುದೇ ಸರಿ.

ನಮ್ಮ ಮನೆಯ ತಪ್ಪು

ಅತ್ತಿಗೆಯ ತವರು ವಯನಾಡು. ಅಲ್ಲಿ ಕನ್ನಡ ಮಾತಾಡುವ ನಮ್ಮವರ ಮನೆಗಳು ಬಹುಕಾಲದಿಂದ ಇರುವುದು, ಸುಲ್ತಾನ್ ಬತ್ತೇರಿಯಲ್ಲಿ ಹಳೆಯ ಬಸದಿ ಇರುವುದು ಓದುಗರಿಗೆ ತಿಳಿದದ್ದೇ. ಅತ್ತಿಗೆ ಮದುವೆಯಾಗಿ ಬಂದಾಗ ಮನೆ ತುಂಬ ಮಾತು, ನಗು. 2004ರಲ್ಲಿ ಚೊಚ್ಚಲ ಹೆರಿಗೆಯಾಯಿತು, ಹೆಣ್ಣುಮಗು. ಮೂರನೆಯ ವಾರದಿಂದ ಅತ್ತಿಗೆಗೆ ನಿದ್ದೆ ಹೋಯಿತು. ಮಗು ಅತ್ತರೆ ಎದ್ದು ಬರುತ್ತಿರಲಿಲ್ಲ, ಗೋಡೆ ನೋಡುತ್ತಾ ಕುಳಿತಿರುತ್ತಿದ್ದರು. ಊಟ ಮುಂದಿಟ್ಟರೆ ತಟ್ಟೆ ಹಾಗೆಯೇ ಇರುತ್ತಿತ್ತು.

ಆಗ ನಾವು ಏನು ಮಾಡಿದೆವು? ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ಸೋಮಾರಿತನ ಎಂದರು. ಹೆಣ್ಣು ಹುಟ್ಟಿತೆಂಬ ಕೊರಗು ಎಂದವರೂ ಉಂಟು. "ಬಾಣಂತಿ ಸನ್ನಿ" ಎಂಬ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಇತ್ತು. ಆದರೆ ಅದನ್ನು ಅವರು ಹೇಳುತ್ತಿದ್ದುದು ಹೆದರಿಸುವುದಕ್ಕೆ, ಉಪಚಾರಕ್ಕಲ್ಲ. ಅತ್ತಿಗೆಯನ್ನು ತವರಿಗೆ ಕಳಿಸಿ, ಮಗುವನ್ನು ಅಜ್ಜಿಯ ಮಡಿಲಲ್ಲಿ ಉಳಿಸಿಕೊಂಡೆವು. ನಾಲ್ಕು ತಿಂಗಳಾದ ಮೇಲೆ ಮೈಸೂರಿನಲ್ಲಿ ವೈದ್ಯರೊಬ್ಬರು ನೋಡಿ ಔಷಧ ಕೊಟ್ಟರು. ಆರೆಂಟು ವಾರಗಳಲ್ಲಿ ಅತ್ತಿಗೆ ಮೊದಲಿನಂತಾದರು. ಇಷ್ಟು ಸುಲಭವಾಗಿತ್ತೆ ಎಂದು ನಮಗೆಲ್ಲ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಅಭ್ಯಾಸ ನಮಗಿಲ್ಲವಲ್ಲ! ಮಗು ಮೊದಲು "ಅಮ್ಮ" ಎಂದು ಕರೆದದ್ದು ಅಜ್ಜಿಯನ್ನು. ಆ ಮಾತು ಅತ್ತಿಗೆಯ ಎದೆಯಲ್ಲಿ ಉಳಿಯಿತು, ದೊಡ್ಡವಳಾದ ಮೇಲೆ ಮಗಳ ಕಿವಿಗೂ ಬಿತ್ತು.

ಈಗ ತಿಳಿದಿರುವಂತೆ ಹೆರಿಗೆಯ ನಂತರದ ಮನೋವ್ಯಥೆಯಲ್ಲಿ ಮೂರು ಬಗೆ. ಮೊದಲ ಎರಡು ವಾರದೊಳಗಿನ ಅಳು, ಬೇಸರ ಬಹಳ ಬಾಣಂತಿಯರಿಗೆ ಬಂದು ತಾನೇ ಹೋಗುತ್ತದೆ. ಎರಡು ವಾರ ದಾಟಿಯೂ ನಿದ್ದೆ, ಹಸಿವು, ಉತ್ಸಾಹ ಇಲ್ಲವಾದರೆ ಅದು ಖಿನ್ನತೆ, ಚಿಕಿತ್ಸೆ ಬೇಕು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಭ್ರಮೆ, ಗೊಂದಲಗಳೊಡನೆ ಬರುವ ತೀವ್ರ ಸ್ಥಿತಿಯೊಂದಿದೆ. ಅದಕ್ಕೆ ತಡಮಾಡದೆ ಆಸ್ಪತ್ರೆ ಸೇರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಬೇರ್ಪಡಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕ 2009ರಲ್ಲಿ ಆರಂಭವಾಯಿತು. ನಾವು ಮಾಡಿದ್ದು ಅದರ ತದ್ವಿರುದ್ಧ.

ಇದನ್ನು ಗುರುತಿಸಲು ದೊಡ್ಡ ವೈದ್ಯರೇ ಬೇಕೆಂದಿಲ್ಲ. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೂಪುಗೊಂಡ 10 ಪ್ರಶ್ನೆಗಳ ಪಟ್ಟಿಯೊಂದು ಇದೆ. ಕಳೆದ ಏಳು ದಿನ ನಗಲು ಆಯಿತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ನಿದ್ದೆ ಬಾರದಷ್ಟು ದುಃಖವಾಯಿತೇ, ಹೀಗೆ ಸರಳ ಪ್ರಶ್ನೆಗಳು. ತರಬೇತಿ ಪಡೆದ ದಾದಿಯೊಬ್ಬರು ಐದು ನಿಮಿಷದಲ್ಲಿ ಕೇಳಿ ಮುಗಿಸಬಹುದು. ಕಾಯಿಲೆಗೆ ಹೆಸರಿಡುವುದು ವೈದ್ಯರ ಕೆಲಸ, ಯಾರನ್ನು ವೈದ್ಯರ ಬಳಿಗೆ ಕಳಿಸಬೇಕೆಂದು ತಿಳಿಸುವುದು ಈ ಪಟ್ಟಿಯ ಕೆಲಸ. ಅಂಥ ಒಬ್ಬರು 2004ರಲ್ಲಿ ನಮ್ಮ ಬೀದಿಯಲ್ಲಿ ಇದ್ದಿದ್ದರೆ!

ಬೆಟ್ಟದ ಜನರನ್ನು ಅಳೆದವರು

ನೀಲಗಿರಿಗೂ ಮನಃಶಾಸ್ತ್ರಕ್ಕೂ ಹಳೆಯ ನಂಟಿದೆ ಎಂದರೆ ಅಚ್ಚರಿಯಾಗಬಹುದು. 1901-02ರಲ್ಲಿ ಕೇಂಬ್ರಿಜ್‌ನಿಂದ ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ವೈದ್ಯ ವಿದ್ವಾಂಸರು ಉದಕಮಂಡಲಕ್ಕೆ ಬಂದು ತೋಡರ ನಡುವೆ ಕೆಲವು ತಿಂಗಳು ಕೆಲಸ ಮಾಡಿದರು. ಅವರು 1906ರಲ್ಲಿ ಪ್ರಕಟಿಸಿದ ತೋಡರ ಬಗೆಗಿನ ದಪ್ಪ ಗ್ರಂಥವನ್ನು ಮಾನವಶಾಸ್ತ್ರದವರು ಈಗಲೂ ತೆರೆದು ನೋಡುತ್ತಾರೆ. ಅದಕ್ಕೆ ಒಂದು ವರ್ಷ ಮೊದಲು, 1905ರಲ್ಲಿ, ತೋಡರ ಇಂದ್ರಿಯಗಳ ಕುರಿತು ಮನಃಶಾಸ್ತ್ರದ ಪತ್ರಿಕೆಯೊಂದರಲ್ಲಿ ಅವರು ದೀರ್ಘ ಲೇಖನ ಬರೆದರು. ಕಣ್ಣಿನ ಚುರುಕು, ಬಣ್ಣ ಗುರುತಿಸುವ ಶಕ್ತಿ, ವಾಸನೆ, ನೋವು, ಸ್ಪರ್ಶ ಎಲ್ಲವನ್ನೂ ಅವರು ಪರೀಕ್ಷಿಸಿದ್ದರು.

ಅದರಲ್ಲಿ ಒಂದು ಪರೀಕ್ಷೆಯನ್ನು ಓದುಗರು ಮನೆಯಲ್ಲೇ ಮಾಡಿ ನೋಡಬಹುದು. ಕಾಗದದ ಮೇಲೆ ಒಂದೇ ಉದ್ದದ ಎರಡು ಅಡ್ಡಗೆರೆ ಎಳೆಯಿರಿ. ಮೊದಲನೆಯ ಗೆರೆಯ ಎರಡೂ ತುದಿಗೆ ಬಾಣದ ಮೊನೆಯಂತೆ ಒಳಕ್ಕೆ ಮಡಚಿದ ಚಿಕ್ಕ ಗೆರೆಗಳನ್ನು ಹಾಕಿ, ಎರಡನೆಯದಕ್ಕೆ ಹೊರಕ್ಕೆ ಚಾಚಿದ ಗೆರೆಗಳನ್ನು ಹಾಕಿ. ಎರಡನೆಯದು ಉದ್ದವಾಗಿ ಕಾಣುತ್ತದೆ. ಅಳತೆಪಟ್ಟಿ ಇಟ್ಟು ನೋಡಿದರೂ ಕಣ್ಣು ಒಪ್ಪುವುದಿಲ್ಲ. ಇಂಗ್ಲಿಷ್ ಜನ ಈ ಮೋಸಕ್ಕೆ ಹೆಚ್ಚು ಸಿಕ್ಕಿದರು, ತೋಡರು ಕಡಿಮೆ ಸಿಕ್ಕಿದರು. ಚೌಕ ಕೋಣೆ, ಮೂಲೆ, ಮೇಜುಗಳ ನಡುವೆ ಬೆಳೆದ ಕಣ್ಣು ಮೂಲೆಗಳನ್ನು ಹುಡುಕುತ್ತದೆ, ಹುಲ್ಲುಗಾವಲಿನಲ್ಲಿ ಕಮಾನಿನಂತಹ ಗುಡಿಸಲಲ್ಲಿ ಬೆಳೆದ ಕಣ್ಣಿಗೆ ಆ ಅಭ್ಯಾಸವಿಲ್ಲ ಎಂಬ ವಿವರಣೆಯನ್ನು 1960ರ ದಶಕದಲ್ಲಿ ಬೇರೆ ವಿದ್ವಾಂಸರು ಕೊಟ್ಟರು. ಅದರ ಮೇಲೆ ಇನ್ನೂ ಚರ್ಚೆ ನಡೆದೇ ಇದೆ. ಕಾಡಿನ ಜನರ ಇಂದ್ರಿಯಗಳು ಮೃಗಗಳಂತೆ ಅತಿ ಚುರುಕು ಎಂದು ಯುರೋಪಿನಲ್ಲಿ ಅಂದಿದ್ದ ನಂಬಿಕೆಗೆ ರಿವರ್ಸ್ ಅವರ ಅಳತೆಗಳಿಂದ ಪುಷ್ಟಿ ಸಿಗಲಿಲ್ಲ. ಕಣ್ಣು, ಕಿವಿ, ಚರ್ಮ ಎಲ್ಲ ಮನುಷ್ಯರಲ್ಲೂ ಬಹುಮಟ್ಟಿಗೆ ಒಂದೇ.

ಇದೆಲ್ಲ ಸ್ವಾರಸ್ಯವಾದದ್ದು. ಆದರೂ ನಮ್ಮ ಮನಸ್ಸಿಗೆ ಒಂದು ಮಾತು ಚುಚ್ಚುತ್ತದೆ. ಬೆಟ್ಟದ ಜನ ಅಲ್ಲಿ ಅಳತೆಗೆ ಒಳಗಾದವರು, ಅಳೆದವರು ಹೊರಗಿನವರು. ರಿವರ್ಸ್ ದುಭಾಷಿಗಳ ಮೂಲಕ ಮಾತಾಡಿದರು. ಪುಸ್ತಕ ಲಂಡನ್ನಿಗೆ ಹೋಯಿತು. ಅಳತೆ ಕೊಟ್ಟವರ ಮಕ್ಕಳು ಆ ವಿದ್ಯೆಯನ್ನು ತಾವೇ ಕಲಿಯುವುದಕ್ಕೆ ಬೆಟ್ಟದಲ್ಲಿ ಬಾಗಿಲು ತೆರೆಯಲು ಬಹಳ ಕಾಲ ಹಿಡಿಯಿತು. ಉದಕಮಂಡಲದಲ್ಲಿ ಸರ್ಕಾರಿ ಕಲಾ ಕಾಲೇಜು ಬಂದದ್ದು 1955ರಲ್ಲಿ. ಜಾನ್ ಸಲಿವನ್ ಕಟ್ಟಿಸಿದ, ಜನ "ಕಲ್ ಬಂಗಲೆ" ಎಂದು ಕರೆದ ಸ್ಟೋನ್ ಹೌಸ್ ಇರುವ ಆವರಣವೇ ಅದರ ನೆಲೆ. ಕೂನೂರಿನ ಪ್ರಾವಿಡೆನ್ಸ್ ಮಹಿಳಾ ಕಾಲೇಜು 1966ರದು. ಸುತ್ತೂರು ಮಠದ ಜೆ.ಎಸ್.ಎಸ್. ಸಂಸ್ಥೆಯವರು 1980ರಲ್ಲಿ ಊಟಿಯಲ್ಲಿ ಔಷಧ ವಿಜ್ಞಾನದ ಕಾಲೇಜು ತೆರೆದರು.

ಬೆಟ್ಟದ ಕೆಳಗಿನ ನಮ್ಮ ಮೈಸೂರಿನಲ್ಲಿ ಮಾತ್ರ ಈ ವಿದ್ಯೆಗೆ ನೂರು ವರ್ಷದ ಚರಿತ್ರೆ ಇದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭಿಸಿದವರು ಎಂ. ವಿ. ಗೋಪಾಲಸ್ವಾಮಿ. ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ "ಆಕಾಶವಾಣಿ" ಎಂಬ ಬಾನುಲಿ ಕೇಂದ್ರ ತೆರೆದವರೂ ಅವರೇ. ಕನ್ನಡದಲ್ಲಿ ಮನಸ್ಸಿನ ಕುರಿತು ಬರೆದವರೂ ಕಡಿಮೆಯಿಲ್ಲ. "ಕೊರವಂಜಿ"ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ "ಮನಮಂಥನ" ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಾಸ್ಯ ಪತ್ರಿಕೆ ನಡೆಸಿದ ವೈದ್ಯರು ಮನೋವ್ಯಾಧಿಯ ಕುರಿತು ಬರೆದು ಪ್ರಶಸ್ತಿ ಪಡೆದರೆಂದರೆ ಅದು ಕನ್ನಡದ ಭಾಗ್ಯ. ನಮ್ಮ ತಾಯಿಯವರ "ಹುಚ್ಚರ ಆಸ್ಪತ್ರೆ" ಎಂಬ ಮಾತಿಗೆ ಆ ಪುಸ್ತಕವನ್ನೇ ಓದಿ ಹೇಳಬೇಕೆಂದು ನಮಗೆ ಅನ್ನಿಸಿದ್ದುಂಟು.

ಮಾನವ ವಿಕಾಸ ಎಂದರೇನು?

ಮನಃಶಾಸ್ತ್ರದ ಜೊತೆಯಲ್ಲಿ "ಮಾನವ ವಿಕಾಸ" ಎಂಬ ಇನ್ನೊಂದು ಹೆಸರು ಕೇಳಿಬರುತ್ತದೆ. ಗರ್ಭದಿಂದ ಮುಪ್ಪಿನವರೆಗೆ ಮನುಷ್ಯ ಹೇಗೆ ಬೆಳೆಯುತ್ತಾನೆ, ಯಾವ ವಯಸ್ಸಿಗೆ ಏನು ಬರುತ್ತದೆ, ಏನು ಬಾರದಿದ್ದರೆ ಗಮನಿಸಬೇಕು ಎಂಬುದರ ಅಭ್ಯಾಸ ಅದು. ನಮ್ಮಲ್ಲಿ ಇದು ಬಹುಮಟ್ಟಿಗೆ ಗೃಹವಿಜ್ಞಾನದ ಮನೆಯಲ್ಲಿ ಬೆಳೆದ ಕೂಸು. ಕೊಯಮತ್ತೂರಿನಲ್ಲಿ 1957ರಲ್ಲಿ ಆರಂಭವಾದ ಅವಿನಾಶಿಲಿಂಗಂ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗಾಗಿ ಇದೇ ಹೆಸರಿನ ವಿಭಾಗವಿದೆ.

ಅಹಮದಾಬಾದಿನ ಸಾರಾಭಾಯಿ ಮನೆತನ ನಮ್ಮ ಓದುಗರಿಗೆ ಹೊಸದಲ್ಲ. ಬಟ್ಟೆ ಗಿರಣಿ, ಬಾಹ್ಯಾಕಾಶ ವಿಜ್ಞಾನ, ನೃತ್ಯ ಎಂದರೆ ಆ ಹೆಸರು ನೆನಪಾಗುತ್ತದೆ. ಅದೇ ಮನೆತನದ ಗೌತಮ ಮತ್ತು ಕಮಲಿನಿ ಸಾರಾಭಾಯಿ ದಂಪತಿಗಳು 1951ರಲ್ಲಿ ಮಕ್ಕಳ ಬೆಳವಣಿಗೆ ಮತ್ತು ಮನಃಶಾಸ್ತ್ರಕ್ಕೆ ಮೀಸಲಾದ ಬಿ. ಎಂ. ಸಂಸ್ಥೆಯನ್ನು ಕಟ್ಟಿದರೆಂಬುದು ಅಷ್ಟಾಗಿ ತಿಳಿಯದು. 1962ರಲ್ಲಿ ಮನುಷ್ಯನ ಜೀವನಚಕ್ರದ ಕುರಿತ ವಿಚಾರಗೋಷ್ಠಿಗೆಂದು ಎರಿಕ್ ಎರಿಕ್‌ಸನ್ ಅಹಮದಾಬಾದಿಗೆ ಬಂದರು. ಹುಟ್ಟಿನಿಂದ ಮುಪ್ಪಿನವರೆಗೆ 8 ಹಂತ, ಪ್ರತಿ ಹಂತಕ್ಕೂ ಒಂದು ಹೋರಾಟ ಎಂದು ಹೇಳಿದ ಪ್ರಸಿದ್ಧ ವಿದ್ವಾಂಸರು ಅವರು. ಅಲ್ಲಿ 1918ರ ಗಿರಣಿ ಮುಷ್ಕರದ ಕಥೆ ಅವರ ಕಿವಿಗೆ ಬಿತ್ತು. ಗಿರಣಿ ಮಾಲೀಕರ ಕಡೆ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಕಡೆ ಅವರ ಸ್ವಂತ ಅಕ್ಕ ಅನಸೂಯಾ, ನಡುವೆ ಗಾಂಧೀಜಿ. ಅದರಿಂದ ಹುಟ್ಟಿದ ಗಾಂಧೀಜಿ ಕುರಿತ ಅವರ ಪುಸ್ತಕ 1969ರಲ್ಲಿ ಬಂತು.

ಬಾಗಿಲು ಯಾವುದು?

ಇನ್ನು ಹುಡುಗಿಯ ವಿಷಯಕ್ಕೆ ಬರೋಣ. ಅಂಗಡಿ ನೋಡಿಕೊಂಡೇ ಅಂಚೆ ಶಿಕ್ಷಣದಲ್ಲಿ ಮನಃಶಾಸ್ತ್ರದ ಪದವಿ ಮಾಡುವುದು ಅವಳ ಲೆಕ್ಕಾಚಾರ. ಆದರೆ ಮನಃಶಾಸ್ತ್ರ, ಆಹಾರ-ಪೋಷಣೆ ಮೊದಲಾದ ಆರೋಗ್ಯ ಸಂಬಂಧಿ ವಿಷಯಗಳನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಕಲಿಸಬಾರದೆಂದು ಯುಜಿಸಿ ಸೂಚಿಸಿತು. 2025ರ ಜುಲೈ-ಆಗಸ್ಟ್ ಅವಧಿಯಿಂದಲೇ ಅದು ಜಾರಿಗೆ ಬಂತು. 2021ರ ಆರೋಗ್ಯ ವೃತ್ತಿಗಳ ಕಾಯಿದೆಯ ವ್ಯಾಪ್ತಿಗೆ ಈ ವಿಷಯಗಳು ಸೇರಿದ್ದೇ ಅದಕ್ಕೆ ಆಧಾರ. ಹುಡುಗಿ ಎರಡು ದಿನ ಊಟ ಬಿಟ್ಟಳಂತೆ. ನಮ್ಮ ಅಭಿಪ್ರಾಯ ಕೇಳಿದರೆ, ನಿಯಮದಲ್ಲಿ ನ್ಯಾಯವಿದೆ. ಇನ್ನೊಬ್ಬರ ದುಃಖವನ್ನು ಕೇಳುವ ವಿದ್ಯೆಯನ್ನು ಅಂಚೆಯಲ್ಲಿ ಬಂದ ಪುಸ್ತಕದಿಂದಷ್ಟೇ ಕಲಿಯಲಾಗದು. ಆದರೆ ಮಸಿನಗುಡಿಯಂತಹ ಊರಿನವರಿಗೆ ಹತ್ತಿರದಲ್ಲಿ ಬೇರೆ ಬಾಗಿಲು ಇಲ್ಲದಿದ್ದರೆ ನ್ಯಾಯವೂ ಭಾರವೇ. ಉದಕಮಂಡಲಕ್ಕೆ ಹೋಗಲು ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಬೇಕು. ಗೂಡಲೂರಿಗೆ ಹೋಗಲು ಆನೆ ಅಡ್ಡಬಾರದ ಹೊತ್ತು ನೋಡಬೇಕು. ಹಾಸ್ಟೆಲಿಗೆ ಕಳಿಸಲು ಅಣ್ಣ ಒಪ್ಪಲಿಲ್ಲ.

ಸಮುದಾಯ ಕಾಲೇಜಿನ ಮಾತು ಬಂದದ್ದು ಆಗ. ಇದು ಅಮೆರಿಕದಲ್ಲಿ ಹುಟ್ಟಿದ ಪದ್ಧತಿ. ಇಲಿನಾಯ್ ಪ್ರಾಂತ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಮೊದಲನೆಯದು ಆರಂಭವಾದದ್ದು 1901ರಲ್ಲಿ, ರಿವರ್ಸ್ ನೀಲಗಿರಿಗೆ ಹೊರಟ ವರ್ಷವೇ! ಮನೆಯಿಂದಲೇ ಹೋಗಿಬಂದು, ಕಡಿಮೆ ಶುಲ್ಕದಲ್ಲಿ, ಯಾವ ವಯಸ್ಸಿನಲ್ಲಾದರೂ ಓದಬಹುದಾದ ಎರಡು ವರ್ಷದ ಕಾಲೇಜು ಅದು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಇಂಥ ಕಾಲೇಜುಗಳ ಮೆಟ್ಟಿಲು ಹತ್ತಿದ್ದಾರೆ. ಅಲ್ಲಿ ಮನಃಶಾಸ್ತ್ರದ ಪರಿಚಯ ಮತ್ತು ಮಾನವ ವಿಕಾಸ ಬಹಳ ಮಂದಿ ತೆಗೆದುಕೊಳ್ಳುವ ಪಾಠಗಳು. ನರ್ಸಿಂಗ್ ಸೇರಬೇಕೆನ್ನುವವರಿಗೆ ಅನೇಕ ಕಡೆ ಇವನ್ನು ಮೊದಲು ಮುಗಿಸಬೇಕೆಂಬ ನಿಯಮವೂ ಇದೆ.

ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾನಿಲಯ, 1996ರಲ್ಲಿ ಮದರಾಸಿನಲ್ಲಿ ಕ್ರೈಸ್ತ ಧರ್ಮಪ್ರಾಂತ್ಯ ಇದನ್ನು ಆರಂಭಿಸಿದವು. ಪಾದ್ರಿ ಡಾ. ಜೇವಿಯರ್ ಅಲ್ಫೋನ್ಸ್ ಇದನ್ನು ತಮಿಳುನಾಡಿನಿಂದ ದೇಶದ ಹಲವು ಭಾಗಗಳಿಗೆ ಹರಡಿದರು. ಆಮೇಲೆ ಯುಜಿಸಿಯೂ ಸಮುದಾಯ ಕಾಲೇಜುಗಳ ಯೋಜನೆ ಮಾಡಿತು. ಓದು ನಿಂತುಹೋದವರು, ಗೃಹಿಣಿಯರು, ಬಡವರು ಬರಲೆಂಬುದು ಉದ್ದೇಶ. ಪಾಠದಲ್ಲಿ ಜೀವನ ಕೌಶಲ, ವೃತ್ತಿ ಕೌಶಲ ಎರಡೂ ಇರಬೇಕು, ಕೊನೆಗೆ ಕೆಲಸದ ಸ್ಥಳದಲ್ಲೇ ಅಭ್ಯಾಸ ಮಾಡಬೇಕು. ಮನಃಶಾಸ್ತ್ರ ಎಂಬ ದೊಡ್ಡ ಫಲಕ ಅಲ್ಲಿ ಕಾಣದಿರಬಹುದು. ಆರೋಗ್ಯ ಸಹಾಯಕಿ, ಶಿಶುವಿಹಾರದ ಶಿಕ್ಷಕಿ ಮುಂತಾದ ಡಿಪ್ಲೊಮಾಗಳ ಒಳಗೆ ಮಗುವಿನ ಬೆಳವಣಿಗೆ, ಮನಸ್ಸು, ನಡತೆಯ ಪಾಠಗಳು ಸೇರಿಕೊಂಡಿರುತ್ತವೆ.

ಗೂಡಲೂರಿನಲ್ಲಿ ಆದದ್ದು

ಊರಿನ ಹೆಣ್ಣುಮಕ್ಕಳು ಇಂಥದ್ದನ್ನು ಕಲಿತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಗೂಡಲೂರು ಕಣಿವೆಯಲ್ಲಿ ಪಣಿಯರು, ಬೆಟ್ಟಕುರುಬರು, ಮುಳ್ಳುಕುರುಬರು, ಕಾಟುನಾಯಕರು, ಇರುಳರು ವಾಸವಾಗಿದ್ದಾರೆ. 1980ರ ದಶಕದ ಮಧ್ಯದಲ್ಲಿ ಸ್ಟ್ಯಾನ್ ಮತ್ತು ಮಾರಿ ತೆಕ್ಕೇಕರ ದಂಪತಿಗಳು ಅಲ್ಲಿಗೆ ಬಂದು "ಅಕಾರ್ಡ್" ಸಂಸ್ಥೆಯ ಕೆಲಸ ಆರಂಭಿಸಿದರು. 1988ರಲ್ಲಿ ಆದಿವಾಸಿ ಮುನ್ನೇಟ್ರ ಸಂಘ ರೂಪುಗೊಂಡಿತು. 1990ರಲ್ಲಿ "ಅಶ್ವಿನಿ" ಎಂಬ ಆದಿವಾಸಿ ಆಸ್ಪತ್ರೆ ತೆರೆಯಿತು.

ಆಸ್ಪತ್ರೆಗಿಂತ ಮೊದಲು ಆದದ್ದು ಹಾಡಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರ ತರಬೇತಿ. ಹೆಚ್ಚು ಶಾಲೆ ಕಾಣದ ಹೆಂಗಸರು ಬಸುರಿಯರನ್ನು ಗುರುತಿಸುವುದು, ಐದು ವರ್ಷದೊಳಗಿನ ಮಕ್ಕಳ ತೂಕ ನೋಡಿ ಬರೆದಿಡುವುದು, ಬೆಳವಣಿಗೆ ಕುಂಠಿತವಾದ ಮಗುವನ್ನು ಆಸ್ಪತ್ರೆಗೆ ಕರೆತರುವುದು ಕಲಿತರು. ಆಸ್ಪತ್ರೆಯ ದಾದಿಯರೂ ಅದೇ ಸಮುದಾಯಗಳ ಹೆಣ್ಣುಮಕ್ಕಳು, ತರಬೇತಿ ಪಡೆದದ್ದೂ ಅಲ್ಲಿಯೇ. ರೋಗಿ ಪಣಿಯರ ಭಾಷೆಯಲ್ಲಿ ನೋವು ಹೇಳಿಕೊಂಡರೆ ದುಭಾಷಿ ಬೇಕಿಲ್ಲ. ಅದೇ ಊರಿನ "ವಿದ್ಯೋದಯ" ಶಾಲೆ ಆದಿವಾಸಿ ಮಕ್ಕಳಿಗೆ ಅವರ ಬದುಕಿಗೆ ಹೊಂದುವ ರೀತಿಯಲ್ಲಿ ಪಾಠ ಹೇಳುತ್ತಾ ಬಂದಿದೆ. ಇವರಾರೂ ತಾವು ಮಾನವ ವಿಕಾಸ ಓದಿದ್ದೇವೆಂದು ಹೇಳಿಕೊಳ್ಳುವುದಿಲ್ಲ. ಆದರೆ ಮಗುವಿನ ತೂಕದ ಗೆರೆ ಯಾವ ತಿಂಗಳಲ್ಲಿ ಕೆಳಗಿಳಿಯಿತು, ಆ ತಿಂಗಳು ಮನೆಯಲ್ಲಿ ಏನಾಯಿತು ಎಂದು ಕೇಳಲು ಕಲಿತವರಿಗೆ ಆ ಶಾಸ್ತ್ರದ ಅರ್ಧಭಾಗ ಬಂದಂತೆಯೇ.

ತೆಪ್ಪಕಾಡಿನ ಆನೆ ಶಿಬಿರದ ಬೊಮ್ಮನ್, ಬೆಳ್ಳಿ ದಂಪತಿಗಳು ತಾಯಿ ಕಳೆದುಕೊಂಡ ಆನೆಮರಿಯನ್ನು ಸಾಕಿದ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತಲ್ಲ, ಅದನ್ನು ನೋಡಿದಾಗಲೂ ನಮಗೆ ಇದೇ ನೆನಪಾಯಿತು. ಹಾಲಷ್ಟೇ ಕೊಟ್ಟರೆ ಸಾಲದು, ಮರಿಗೆ ಅಂಟಿಕೊಳ್ಳಲು ಒಂದು ಜೀವ ಬೇಕು. ಬ್ರಿಟನ್ನಿನ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ ಮನುಷ್ಯರ ಮಕ್ಕಳ ವಿಷಯದಲ್ಲಿ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ.

ಸೇರುವ ಮುನ್ನ

ಪೋಷಕರಿಗೆ ಕೆಲವು ಮಾತು. ಸಮುದಾಯ ಕಾಲೇಜಿನ ಡಿಪ್ಲೊಮಾದಿಂದ ಯಾರೂ ಮನೋಚಿಕಿತ್ಸಕರಾಗುವುದಿಲ್ಲ. ಭಾರತದಲ್ಲಿ ಕ್ಲಿನಿಕಲ್ ಮನಃಶಾಸ್ತ್ರಜ್ಞರೆನಿಸಿಕೊಳ್ಳಲು 1992ರ ಕಾಯಿದೆಯಂತೆ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಅದಕ್ಕೆ ಸ್ನಾತಕೋತ್ತರ ಪದವಿ ದಾಟಿದ ದೀರ್ಘ ತರಬೇತಿ ಬೇಕು. ಔಷಧ ಬರೆಯುವವರು ವೈದ್ಯರು ಮಾತ್ರ. ಮೂರು ತಿಂಗಳ ಪ್ರಮಾಣಪತ್ರ ಗೋಡೆಗೆ ತೂಗುಹಾಕಿ ಸಲಹಾ ಕೇಂದ್ರ ತೆರೆಯುವವರನ್ನು ಕಂಡರೆ ನಮಗೆ ಭಯ. ಅಂಥವರಿಂದ ದೂರವಿರುವುದು ಒಳಿತು.

ಕಾಲೇಜಿಗೆ ಹೋಗಿ ವಿಚಾರಿಸುವಾಗ ಸಂಕೋಚ ಬೇಡ. ಪ್ರಮಾಣಪತ್ರ ಕೊಡುವ ವಿಶ್ವವಿದ್ಯಾನಿಲಯ ಯಾವುದು, ಈ ವರ್ಷ ಅದಕ್ಕೆ ಮಾನ್ಯತೆ ಇದೆಯೇ, ಅಭ್ಯಾಸಕ್ಕೆ ಎಲ್ಲಿಗೆ ಕಳಿಸುತ್ತಾರೆ, ಮುಂದೆ ಪದವಿಗೆ ಸೇರಬಹುದೇ ಎಂದು ಬರೆಹದಲ್ಲಿಯೇ ಕೇಳಿ. ಪದವಿಯೇ ಬೇಕೆಂದಿದ್ದರೆ ಮೈಸೂರಿನ ಕಡೆ ಮಕ್ಕಳಿಗೆ ಪಿಯುಸಿಯಲ್ಲೇ ಮನಃಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವ ಅವಕಾಶ ಇದೆ ಎಂಬುದೂ ಗೊತ್ತಿರಲಿ. ಓದಿನ ಮಾತು ಹಾಗಿರಲಿ, ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಸಂಕಟವಿದ್ದರೆ 14416 ಸಂಖ್ಯೆಗೆ ಕರೆ ಮಾಡಬಹುದು. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ಕನ್ನಡ, ತಮಿಳು ಎರಡರಲ್ಲೂ ಮಾತಾಡಬಹುದು.

ನೋಟುಪುಸ್ತಕ

ಹುಡುಗಿ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ಸಮುದಾಯ ಕಾಲೇಜೊಂದರಲ್ಲಿ ಶಿಶುವಿಹಾರದ ಶಿಕ್ಷಕಿಯರ ಡಿಪ್ಲೊಮಾಕ್ಕೆ ಸೇರಿದಳು. ಒಂದು ವರ್ಷದ ಓದು. ಮದುವೆಯ ಮಾತನ್ನು ಅಣ್ಣ ಮುಂದೂಡಿದರು. ಇದಕ್ಕಾಗಿ ಅತ್ತಿಗೆ ಎಷ್ಟು ವಾದ ಮಾಡಿದರೆಂಬುದು ನಮಗೆ ಆಮೇಲೆ ತಿಳಿಯಿತು. ತರಗತಿಯಲ್ಲಿ ಅವಳಿಗಿಂತ ಹಿರಿಯರೇ ಹೆಚ್ಚು. ಎರಡು ಮಕ್ಕಳ ತಾಯಂದಿರು, ಟೀ ತೋಟದಲ್ಲಿ ಕೆಲಸ ಬಿಟ್ಟವರು, ಶಾಲೆಯ ಅಡುಗೆ ಸಹಾಯಕಿ ಒಬ್ಬರು. ಪಾಠ ತಮಿಳಿನಲ್ಲಿ. ಹುಡುಗಿ ಟಿಪ್ಪಣಿಯನ್ನು ತಮಿಳಿನಲ್ಲಿ ಬರೆದು, ಮನೆಗೆ ಬಂದು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳೆ.

ಕಳೆದ ದೀಪಾವಳಿಗೆ ನಾವು ಹೋದಾಗ ಅವಳಿಗೆ ಮನೆಗೆಲಸ ಕೊಟ್ಟಿದ್ದರು. ಒಂದು ಮಗುವನ್ನು ಅರ್ಧ ಗಂಟೆ ನೋಡಬೇಕು. ಕಂಡದ್ದನ್ನು ಮಾತ್ರ ಬರೆಯಬೇಕು, ಅನ್ನಿಸಿದ್ದನ್ನು ಬರೆಯಬಾರದು. ಹಬ್ಬಕ್ಕೆ ಬಂದಿದ್ದ ನಮ್ಮ ಎರಡು ವರ್ಷದ ಮೊಮ್ಮಗ ಸಿಕ್ಕಿದ. ಅವನು ಲಾಡು ಬೇಕೆಂದು ನೆಲಕ್ಕೆ ಬಿದ್ದು ಅತ್ತ. "ಬರಿ, ಬರಿ, ಹಟಮಾರಿ ಎಂದು ಬರಿ" ಎಂದರು ಅಜ್ಜಿ.

"ಹಟಮಾರಿ ಎಂದು ಬರೆದರೆ ಗುರುಗಳು ಕೆಂಪು ಗೆರೆ ಎಳೆಯುತ್ತಾರೆ ಅಜ್ಜಿ. ಅಂಗಾತ ಮಲಗಿ ನಾಲ್ಕು ಸಲ ಕಾಲು ಬಡಿದ, ಬಾಗಿಲ ಕಡೆ ನೋಡಿದ, ಅಮ್ಮ ಬಂದಾಗ ನಿಲ್ಲಿಸಿದ. ಇಷ್ಟೇ ಬರೆಯಬೇಕು."

"ಅದರಿಂದ ಏನು ತಿಳಿಯಿತು?"

"ಲಾಡು ಬೇಕಾಗಿತ್ತೋ ಅಮ್ಮ ಬೇಕಾಗಿತ್ತೋ ಎಂದು ಕೇಳಬಹುದು. ಹಟಮಾರಿ ಎಂದುಬಿಟ್ಟರೆ ಕೇಳುವುದಕ್ಕೇ ಏನೂ ಉಳಿಯುವುದಿಲ್ಲ."

ನಮಗೆ ಆ ಕ್ಷಣ 2004 ನೆನಪಾಯಿತು. ದೃಷ್ಟಿ, ಸೋಮಾರಿತನ, ಕೊರಗು ಎಂದು ನಾವು ಇಟ್ಟ ಹೆಸರುಗಳೆಲ್ಲ ನೆನಪಾದವು. ನಿದ್ದೆಯಿಲ್ಲ, ಊಟವಿಲ್ಲ, ಮೂರು ವಾರದಿಂದ ಹೀಗೆ ಎಂದಷ್ಟೇ ಬರೆದು ವೈದ್ಯರ ಮುಂದೆ ಇಟ್ಟಿದ್ದರೂ ಸಾಕಿತ್ತು.

ರಾತ್ರಿ ಪಾತ್ರೆ ತೊಳೆದಾದ ಮೇಲೆ ಅತ್ತಿಗೆ ನಮ್ಮ ಜೊತೆ ಜಗಲಿಯಲ್ಲಿ ಕುಳಿತಿದ್ದರು. ಮಗಳು ಒಳಗೆ ಬರೆಯುತ್ತಿದ್ದಳು. ಅತ್ತಿಗೆ ಬಾಗಿಲ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ನಿನ್ನ ಪುಸ್ತಕದಲ್ಲಿ ನನ್ನದು ಇದೆಯೇನೇ?"

ಮಗಳು ಹೊರಗೆ ಬಂದು ತಾಯಿಯ ಪಕ್ಕ ಕುಳಿತಳು. ಇದೆ ಎಂದಳು. ಎರಡು ಪುಟ ಇದೆ, ಯಾರ ತಪ್ಪೂ ಅಲ್ಲ ಎಂದು ಬರೆದಿದೆ ಎಂದಳು. ಎಳೆಯ ಮಗು ಒಬ್ಬರನ್ನೇ ಅಲ್ಲ, ದಿನವೂ ನೋಡಿಕೊಳ್ಳುವ ಎರಡು ಮೂರು ಜನರನ್ನು ನೆಚ್ಚಿಕೊಳ್ಳುತ್ತದೆ, ತಡವಾಗಿ ಬಂದವರನ್ನೂ ನೆಚ್ಚಿಕೊಳ್ಳುತ್ತದೆ ಎಂದೂ ಹೇಳಿದಳು.

ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆ ನಿನ್ನ ಮೇಲೆ ಪ್ರೀತಿ ಇರಲಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ನಿನ್ನನ್ನು ಎತ್ತಿಕೊಂಡರೆ ಎಲ್ಲಿ ಕೈಬಿಟ್ಟುಬಿಡುತ್ತೇನೋ ಅಂತ ಭಯ ಆಗುತ್ತಿತ್ತು. ಅದಕ್ಕೇ ಎತ್ತಿಕೊಳ್ಳುತ್ತಿರಲಿಲ್ಲ" ಎಂದರು.

ಇಪ್ಪತ್ತೊಂದು ವರ್ಷದಲ್ಲಿ ಆ ಮಾತು ನಾವು ಕೇಳಿದ್ದು ಅದೇ ಮೊದಲು. ಒಳಗೆ ಮಲಗಿದ್ದ ನಮ್ಮ ತಾಯಿಯವರಿಗೂ ಕೇಳಿಸಿರಬೇಕು. ಬೆಳಿಗ್ಗೆ ಅವರು ಯಾರಿಗೂ ಏನೂ ಹೇಳಲಿಲ್ಲ. ಸೊಸೆಯ ತಟ್ಟೆಗೆ ಎರಡು ದೋಸೆ ಹೆಚ್ಚಾಗಿ ಹಾಕಿದರು.

ಹುಡುಗಿಗೆ ಈಗ ಅಂಗನವಾಡಿಯೊಂದರಲ್ಲಿ ಅಭ್ಯಾಸದ ಅವಧಿ. ಬಸ್ಸು ಬೆಳಿಗ್ಗೆ ಆರೂವರೆಗೆ. ದಾರಿಯಲ್ಲಿ ಆನೆ ನಿಂತಿದ್ದರೆ ಏಳೂವರೆಯೂ ಆಗುತ್ತದೆ. ತಡವಾದರೆ ಏನು ಬರೆದುಕೊಡಬೇಕೆಂದು ಅಜ್ಜಿಯೇ ಅವಳಿಗೆ ಹೇಳಿಕೊಟ್ಟಿದ್ದಾರಂತೆ: "ಆನೆ ಇತ್ತು ಎಂದು ಮಾತ್ರ ಬರಿ."